ಡೋರ್ನಹಳ್ಳಿಗೆ ಹೊತ್ತು ತರುವ ಚಿಂತೆಗಳು



ಜೂನ್ 13 ಹತ್ತಿರವಾಗುತ್ತಿದ್ದಂತೆ ನಮ್ಮ ಮಿರ್ಲೆ, ಹುಣಸೂರು, ಪಿರಿಯಾಪಟ್ಟಣ ಕಡೆಯ ಭಕ್ತರ ಮನಸ್ಸು ಡೋರ್ನಹಳ್ಳಿಯತ್ತ ಹರಿಯುತ್ತದೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತದವರೂ ಸಂತ ಅಂತೋಣಿಯವರ ಸನ್ನಿಧಿಗೆ ಬರುತ್ತಾರೆ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಈ ಪುಣ್ಯಕ್ಷೇತ್ರವನ್ನು ಬಸಿಲಿಕಾ ಪದವಿಗೆ ಏರಿಸಿದರು. ಆದರೆ ಜನ ಬರುವುದು ಪದವಿಯನ್ನು ನೋಡಲಿಕ್ಕಲ್ಲ. ಹೊಗೆಸೊಪ್ಪಿಗೆ ಬೆಲೆ ಸಿಗದ ಸಂಕಟ, ಸಂಘದ ಸಾಲ, ಮಗಳ ಮದುವೆ, ವಾಸಿಯಾಗದ ಕಾಯಿಲೆ ಇವುಗಳನ್ನು ಹೊತ್ತು ಬರುತ್ತಾರೆ.

ಈ ಕ್ಷೇತ್ರದ ಕಥೆ ನಿಮಗೆಲ್ಲ ಗೊತ್ತು. ಉಳುವಾಗ ರೈತನೊಬ್ಬನಿಗೆ ಮರದ ಪ್ರತಿಮೆ ಸಿಕ್ಕಿತು. ಅವನು ಅದನ್ನು ಹಗುರವಾಗಿ ಕಂಡ. ಮನೆಗೆ ಕಷ್ಟಗಳು ಬಂದವು, ಕನಸು ಬಿತ್ತು, ಗುಡಿ ಎದ್ದಿತು. ಹಿರಿಯರು ಭಕ್ತಿಯಿಂದ ಹೇಳಿಕೊಂಡು ಬಂದ ಕಥೆ ಇದು. ಆದರೆ ಇದನ್ನು ಕೇಳಿ, ಹರಕೆ ತಪ್ಪಿದರೆ ಸಂತರು ಮುನಿಯುತ್ತಾರೆ ಎಂದು ಹೆದರುವವರೂ ಇದ್ದಾರೆ. ಇದು ಸರಿಯಲ್ಲ. ಚಿಂತೆ ಕಳೆಯಲು ಬಂದವನು ಇನ್ನೊಂದು ಭಯವನ್ನು ಹೊತ್ತು ಊರಿಗೆ ಮರಳಿದರೆ ಯಾತ್ರೆಯಿಂದ ಏನು ಬಂತು? ಪ್ರಭುಯೇಸು ಆಕಾಶದ ಹಕ್ಕಿಗಳನ್ನು ತೋರಿಸಿ ನಮಗೆ ಪರಿಚಯಿಸಿದ್ದು ತಂದೆಯನ್ನು, ಬಾಕಿ ವಸೂಲಿಗೆ ಬರುವವನನ್ನಲ್ಲ.

ನಮ್ಮ ಮೈಸೂರು ಸೀಮೆಯ ಧರ್ಮಸಭೆ ಭಯವನ್ನು ಚೆನ್ನಾಗಿ ಬಲ್ಲದು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಅವರ ಗುರುಗಳನ್ನು ಗಡೀಪಾರು ಮಾಡಲಾಯಿತು, ಚರ್ಚುಗಳು ನೆಲಸಮವಾದವು. ಹದಿನೈದು ವರ್ಷ! ಪೂಜೆಯ ಗಂಟೆ ಕೇಳದ ಆ ದಿನಗಳಲ್ಲಿ ಮನೆಯೊಳಗಿನ ಜಪವಲ್ಲದೆ ಬೇರೆ ಆಸರೆ ಏನಿದ್ದೀತು? 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಫ್ರೆಂಚ್ ಗುರು ಅಬ್ಬೆ ದುಬ್ವಾ ಇಲ್ಲಿಗೆ ಬಂದರು. ಚದುರಿದವರನ್ನು ಕೂಡಿಸಿದರು, ಬಲವಂತಕ್ಕೆ ಮತ ಬಿಟ್ಟಿದ್ದವರನ್ನು ಮತ್ತೆ ಸೇರಿಸಿಕೊಂಡರು, ಸಿಡುಬಿಗೆ ಲಸಿಕೆ ಹಾಕಿಸಿದರು. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ.

ಆದರೆ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. 1823ರಲ್ಲಿ ಭಾರತ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಈ ನಾಡಿನಲ್ಲಿ ಶುಭಸಂದೇಶಕ್ಕೆ ಭವಿಷ್ಯವಿಲ್ಲ ಎಂದೇ ವಾದಿಸಿದರು. ಮೂವತ್ತು ವರ್ಷ ದುಡಿದ ಗುರುವಿಗೂ ಹೀಗೆ ಅನಿಸಿತು ಎಂಬುದು ನಮ್ಮಂಥ ಗುರುಗಳಿಗೆ ಒಂದು ಬಗೆಯ ಸಮಾಧಾನವೇ ಸರಿ! ಅವರು 1848ರಲ್ಲಿ ತೀರಿಕೊಂಡರು. ಎರಡೇ ವರ್ಷಗಳಲ್ಲಿ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು. ಅವರು ಸೋತೆನೆಂದುಕೊಂಡ ಹೊಲದಲ್ಲೇ ಬೆಳೆ ಬಂದಿತ್ತು.

ಸಂತ ಅಂತೋಣಿಯವರ ಬದುಕೂ ಎಣಿಸಿದಂತೆ ನಡೆಯಲಿಲ್ಲ. ರಕ್ತಸಾಕ್ಷಿಯಾಗಬೇಕೆಂದು ಮೊರಾಕ್ಕೋಗೆ ಹೋದವರು ಕಾಯಿಲೆ ಬಿದ್ದರು. ಊರಿಗೆ ಮರಳುವ ಹಡಗನ್ನು ಬಿರುಗಾಳಿ ಸಿಸಿಲಿಗೆ ತಳ್ಳಿತು. ಅಪರಿಚಿತ ದಡದಲ್ಲಿ ಇಳಿದ ಆ ರೋಗಿಯೇ ಮುಂದೆ ಇಟಲಿಯ ಮಹಾಬೋಧಕರಾದರು. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುತ್ತ ಸಂತ ಪೌಲರು, ಚಿಂತೆಯನ್ನು ಕೃತಜ್ಞತೆಯೊಡನೆ ದೇವರಿಗೆ ಒಪ್ಪಿಸಿರಿ ಎಂಬರ್ಥದ ಮಾತು ಹೇಳುತ್ತಾರೆ. ಬೇಡಿದ್ದೆಲ್ಲ ಸಿಗುತ್ತದೆ ಎಂದು ಅವರು ಅಲ್ಲಿ ಹೇಳುವುದಿಲ್ಲ. ದೇವರ ಶಾಂತಿ ಹೃದಯವನ್ನು ಕಾಯುತ್ತದೆ ಎನ್ನುತ್ತಾರೆ.

ಹಾಗೆಂದು ಪ್ರಾರ್ಥಿಸಿ ಕೈಕಟ್ಟಿ ಕುಳಿತುಕೊಳ್ಳುವುದೂ ಅಂತೋಣಿಯವರ ದಾರಿಯಲ್ಲ. 2015ರಲ್ಲಿ ನಮ್ಮ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ಆತ್ಮಹತ್ಯೆ ಮಾಡಿಕೊಂಡರು. ಸಾಲಗಾರನ ನಿದ್ದೆಗೇಡು ಏನೆಂದು ಪಾದುವಾದ ಈ ಸಂತರಿಗೂ ತಿಳಿದಿತ್ತು. ಅವರ ಕಾಲದಲ್ಲಿ ಸಾಲ ತೀರಿಸಲಾಗದವನನ್ನು ಸೆರೆಗೆ ಹಾಕುತ್ತಿದ್ದರು. ಅವರು ತಪಸ್ಸುಕಾಲದಲ್ಲಿ ಬಡ್ಡಿಯ ವಿರುದ್ಧ ಬೋಧಿಸಿದರು, ನಗರದ ಆಡಳಿತವನ್ನು ಒತ್ತಾಯಿಸಿದರು. 1231ರ ಮಾರ್ಚ್‌ನಲ್ಲಿ, ಅವರು ತೀರಿಕೊಳ್ಳುವ ಮೂರು ತಿಂಗಳ ಮುಂಚೆ, ಪಾದುವಾದಲ್ಲಿ ಹೊಸ ಕಾಯಿದೆ ಬಂತು: ಆಸ್ತಿಯನ್ನು ಬಿಟ್ಟುಕೊಟ್ಟ ಸಾಲಗಾರನನ್ನು ಸೆರೆಯಲ್ಲಿಡುವಂತಿಲ್ಲ. ಅಂತೋಣಿಯವರ ಕೋರಿಕೆಯ ಮೇರೆಗೆ ಇದನ್ನು ಮಾಡಲಾಯಿತು ಎಂಬುದು ಆ ಕಾಯಿದೆಯಲ್ಲೇ ದಾಖಲಾಗಿದೆ.