ಸೊನ್ನಲಿಗೆಯಿಂದ ಕಲ್ಯಾಣಕ್ಕೆ: ಭೀಮಾತೀರದ ಪವಾಡಪುರುಷರ ಕೂಡುಕಥಾಲೋಕ

1. ವಿಷಯ ಮತ್ತು ವ್ಯಾಪ್ತಿ

ಹಲವು ಲೇಖಕರು ಒಂದೇ ಕಥಾಲೋಕವನ್ನು ಹಂಚಿಕೊಂಡು, ಅತಿಮಾನುಷ ಶಕ್ತಿಯುಳ್ಳ ವೀರರನ್ನು ಒಬ್ಬರ ಕೃತಿಯಿಂದ ಇನ್ನೊಬ್ಬರ ಕೃತಿಗೆ ದಾಟಿಸುತ್ತ ಬರೆಯುವ ಸಾಹಿತ್ಯವನ್ನು ಕೂಡುಕಥಾಲೋಕದ ಸಾಹಿತ್ಯವೆನ್ನಬಹುದು. ಅಮೆರಿಕದ ಚಿತ್ರಕಥಾ ಪತ್ರಿಕೆಗಳಲ್ಲಿ ಬೇರೆಬೇರೆ ಕಥೆಗಳ ನಾಯಕರಾದ ಹ್ಯೂಮನ್ ಟಾರ್ಚ್ ಮತ್ತು ಸಬ್‌ಮರಿನರ್ ಪರಸ್ಪರ ಎದುರಾದದ್ದು 1940ರಲ್ಲಿ. ಜಾರ್ಜ್ ಆರ್. ಆರ್. ಮಾರ್ಟಿನ್ ಸಂಪಾದಕತ್ವದಲ್ಲಿ 1987ರಿಂದ ಬಂದ ‘ವೈಲ್ಡ್ ಕಾರ್ಡ್ಸ್’ ಮಾಲೆ ಇದಕ್ಕೆ ಪರ್ಯಾಯ ಇತಿಹಾಸವನ್ನೂ ಕೂಡಿಸಿತು. ಅದರಲ್ಲಿ 1946ರ ಸೆಪ್ಟೆಂಬರ್ 15ರಂದು ಲೋಕದ ಇತಿಹಾಸ ನಮಗೆ ಗೊತ್ತಿರುವ ದಾರಿಯನ್ನು ಬಿಟ್ಟು ಕವಲೊಡೆಯುತ್ತದೆ.

ಈ ರಚನಾಕ್ರಮದ ಮುಖ್ಯ ಲಕ್ಷಣಗಳು ನಾಲ್ಕು: ಅನೇಕ ಕರ್ತೃಗಳ ಒಂದೇ ಲೋಕ, ವೀರರ ಮುಖಾಮುಖಿ, ಪಾತ್ರದ ಮೂಲಕಥೆಯ ಮರುರಚನೆ, ಇತಿಹಾಸದಿಂದ ಕವಲೊಡೆಯುವ ಒಂದು ಘಟ್ಟ. ಕನ್ನಡದಲ್ಲಿ ಈ ನಾಲ್ಕೂ ಒಟ್ಟಾಗಿ ಕಾಣುವುದು ಶರಣರನ್ನು ಕುರಿತ ರಗಳೆ, ಚಾರಿತ್ರ, ಪುರಾಣ ಮತ್ತು ಸಂಪಾದನೆಗಳಲ್ಲಿ. ಶರಣರು ಭಕ್ತರಿಗೆ ಪೂಜ್ಯರು. ಹೋಲಿಕೆ ಇಲ್ಲಿ ಕಥನದ ಕಟ್ಟಡಕ್ಕೆ ಮಾತ್ರ ಸೀಮಿತ. ಸೊಲ್ಲಾಪುರ ಮತ್ತು ಅಕ್ಕಲಕೋಟೆ ಸೀಮೆ ಈ ಲೋಕದ ಒಂದು ಮುಖ್ಯ ನೆಲೆಯಾದ್ದರಿಂದ ಅದನ್ನೇ ಕೇಂದ್ರವಾಗಿಟ್ಟುಕೊಂಡು ಈ ನಾಲ್ಕು ಲಕ್ಷಣಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಕಥೆಯ ನೆಲ

ಇಂದಿನ ಸೊಲ್ಲಾಪುರವೇ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಕಪಿಲಸಿದ್ಧ ಮಲ್ಲಿಕಾರ್ಜುನ ಅಂಕಿತದ ವಚನಕಾರ ಸಿದ್ಧರಾಮರ ಊರು ಇದು. ಮರವಡೆ, ಹುಲಜಂತಿ ಮುಂತಾದ ಹಳ್ಳಿಗಳಿರುವ ಮಂಗಳವೇಢೆ ತಾಲ್ಲೂಕಿನ ಕೇಂದ್ರಸ್ಥಳವೇ ಹಿಂದಿನ ಮಂಗಳವಾಡ. ಕಲಚುರಿ ಬಿಜ್ಜಳ ಕಲ್ಯಾಣವನ್ನು ಹಿಡಿಯುವ ಮೊದಲು ಆಳುತ್ತಿದ್ದುದು ಇಲ್ಲಿಂದಲೇ. ಬಸವಣ್ಣನವರು ಅವನ ಆಡಳಿತದಲ್ಲಿ ಕೆಲಸಕ್ಕೆ ಸೇರಿದ್ದೂ ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಪೂರ್ವಕ್ಕೆ ಕಲ್ಯಾಣ, ದಕ್ಷಿಣಕ್ಕೆ ಕೂಡಲಸಂಗಮ, ಆಗ್ನೇಯಕ್ಕೆ ದೂರದಲ್ಲಿ ಶ್ರೀಶೈಲ. ಶರಣಕಥೆಗಳ ಪಯಣಗಳೆಲ್ಲ ಹೆಚ್ಚುಕಡಿಮೆ ಈ ಸ್ಥಳಗಳ ನಡುವೆಯೇ ನಡೆಯುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಕಥೆಯ ನಕಾಶೆ ಮಾತ್ರ ಆ ಗಡಿಯಿಂದ ತುಂಡಾಗಲಿಲ್ಲ.

3. ಲೋಕವನ್ನು ಕಟ್ಟಿದ ಕವಿಗಳು

ಈ ಲೋಕವನ್ನು ಯಾರೊಬ್ಬರೂ ಯೋಜಿಸಿ ಕಟ್ಟಲಿಲ್ಲ. ಹಂಪೆಯ ಹರಿಹರ ತನ್ನ ರಗಳೆಗಳಲ್ಲಿ ತಮಿಳುನಾಡಿನ ಪುರಾತನರನ್ನೂ ಕನ್ನಡನಾಡಿನ ಶರಣರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ. ಆದರೆ ಒಬ್ಬೊಬ್ಬರಿಗೂ ಬೇರೆಬೇರೆ ರಗಳೆ. ಒಬ್ಬರ ಕಥೆ ಇನ್ನೊಬ್ಬರ ಕಥೆಯೊಳಕ್ಕೆ ಹರಿಯುವುದು ಕಡಿಮೆ. ಅವನ ಮಹಾದೇವಿಯಕ್ಕ ನೇರವಾಗಿ ಶ್ರೀಶೈಲಕ್ಕೆ ಹೋಗುತ್ತಾಳೆ, ಕಲ್ಯಾಣಕ್ಕೆ ಬರುವುದಿಲ್ಲ. ಕಲ್ಯಾಣದ ಶರಣರ ಸಭೆಯಾದ ಅನುಭವಮಂಟಪದ ಪ್ರಸ್ತಾಪವೂ ಹರಿಹರನಲ್ಲಿ ಇಲ್ಲ.

ಅವನ ಸೋದರಳಿಯ ಮತ್ತು ಶಿಷ್ಯ ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಗೆ ಒಂದು ಪೂರ್ಣ ಕಾವ್ಯವನ್ನೇ ಕೊಟ್ಟ. ಮುದ್ದುಗೌಡ ಮತ್ತು ಸುಗ್ಗಲೆಯರ ಮುಗ್ಧ ಮಗ ಹೊಲ ಕಾಯುವಾಗ ಮಲ್ಲಯ್ಯ ಜಂಗಮರೂಪದಲ್ಲಿ ಬಂದು ಉಣ್ಣಲು ಬೇಡುತ್ತಾನೆ. ಬಾಲಕ ಮನೆಗೆ ಓಡಿ ಊಟ ತರುವಷ್ಟರಲ್ಲಿ ಜಂಗಮ ಮಾಯವಾಗಿರುತ್ತಾನೆ. ಮಲ್ಲಯ್ಯನನ್ನು ಕೂಗಿ ಅಳುತ್ತ ಯಾತ್ರಿಕರ ಜೊತೆ ಶ್ರೀಶೈಲಕ್ಕೆ ಹೋದ ಹುಡುಗ ಅಲ್ಲಿಯೂ ಅವನನ್ನು ಕಾಣದೆ ಕಮರಿಗೆ ಹಾರಲು ಹೊರಟಾಗ ಮಲ್ಲಿಕಾರ್ಜುನ ಕೈಹಿಡಿದು ಎತ್ತುತ್ತಾನೆ; ಸೊನ್ನಲಿಗೆಯನ್ನು ಇನ್ನೊಂದು ಶ್ರೀಶೈಲ ಮಾಡೆಂದು ಹೇಳಿ ಕಳುಹಿಸುತ್ತಾನೆ. ದೇವಾಲಯ, ಕೆರೆ, ಲಿಂಗಪ್ರತಿಷ್ಠೆಗಳೆಲ್ಲ ಆ ಆಜ್ಞೆಯ ಫಲ. ಈ ಕಾವ್ಯದ ಅಕ್ಷ ಸೊನ್ನಲಿಗೆ ಮತ್ತು ಶ್ರೀಶೈಲ.

ಇದೇ ಪರಂಪರೆಯಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ‘ಬಸವಪುರಾಣ’ವನ್ನು ಬರೆದ. ಭೀಮಕವಿ 1369ರಲ್ಲಿ ಅದನ್ನು ಕನ್ನಡದ ಷಟ್ಪದಿಗೆ ತಂದ. ಪ್ರೌಢದೇವರಾಯನ ಕಾಲದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮಪ್ರಭುವನ್ನು ನಾಯಕನಾಗಿಸಿ, ಶರಣರೆಲ್ಲರ ಕಥೆಗಳನ್ನು ಅವನ ಸಂಚಾರದ ದಾರಿಯಲ್ಲಿ ಪೋಣಿಸಿದ. ‘ಶೂನ್ಯಸಂಪಾದನೆ’ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಂದೇ ಕೃತಿಯನ್ನು ಒಬ್ಬರ ನಂತರ ಒಬ್ಬರು ಪರಿಷ್ಕರಿಸಿದರು. ಬಿಡಿಬಿಡಿಯಾಗಿದ್ದ ವಚನಗಳು ಅವರ ಕೈಯಲ್ಲಿ ಸಂಭಾಷಣೆಗಳಾದವು. ಬಿಡಿ ಚರಿತೆಗಳು ಒಂದು ಸಭೆಯ ಸುತ್ತ ನೆರೆದದ್ದು ಹೀಗೆ.

4. ಮುಖಾಮುಖಿ

ಸೊನ್ನಲಿಗೆಯ ಪ್ರಸಂಗ ಈ ಲೋಕದ ಅತಿ ಮುಖ್ಯ ಮುಖಾಮುಖಿ. ಕೆರೆಯ ಕೆಲಸ ನಡೆದಿರುವಾಗ ಅಲ್ಲಮ ಅಲ್ಲಿಗೆ ಬಂದು ‘ಒಡ್ಡರಾಮ ಎಲ್ಲಿ?’ ಎಂದು ಕೇಳುತ್ತಾನೆ. ತಮ್ಮ ಗುರುವನ್ನು ಹಗುರಾಗಿ ಕರೆದನೆಂದು ಕೆಲಸಗಾರರು ಕಲ್ಲು ಬೀರುತ್ತಾರೆ. ಕಲ್ಲುಗಳು ರಾಶಿಬೀಳುತ್ತವೆ, ಒಂದೂ ಅವನನ್ನು ತಾಕುವುದಿಲ್ಲ. ಸುದ್ದಿ ತಿಳಿದು ಬಂದ ಸಿದ್ಧರಾಮರು ಕೋಪದಲ್ಲಿ ಹಣೆಗಣ್ಣು ತೆರೆಯುತ್ತಾರೆ. ಎದ್ದ ಉರಿ ಊರನ್ನೇ ಸುಡುವಂತಾದಾಗ ಅದು ಪ್ರಭುವಿನ ಪಾದದಲ್ಲಿ ಅಡಗಿಹೋಗುತ್ತದೆ. ಕಾದಾಟ ಅಲ್ಲಿಗೆ ನಿಂತು ಮಾತು ಮೊದಲಾಗುತ್ತದೆ. ಕೆರೆ ಕಟ್ಟಿಸುವ, ಗುಡಿ ಎತ್ತಿಸುವ ಕೆಲಸ ತನ್ನನ್ನು ಅರಿಯುವ ಕೆಲಸಕ್ಕೆ ಸಮನೇ ಎಂಬುದು ಆ ಮಾತಿನ ತಿರುಳು. ಕೊನೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ. ಅನುಭವಮಂಟಪದ ಅಧ್ಯಕ್ಷಪೀಠವಾದ ಶೂನ್ಯಪೀಠದಲ್ಲಿ ಅಲ್ಲಮ ಮತ್ತು ಚೆನ್ನಬಸವಣ್ಣನವರ ನಂತರದ ಸ್ಥಾನ ಸಿದ್ಧರಾಮರದೆಂದು ಪರಂಪರೆ ಹೇಳುತ್ತದೆ.

ಗೋರಕ್ಷನ ಪ್ರಸಂಗ ಇದೇ ಮಾದರಿಯ ಇನ್ನೊಂದು ರೂಪ. ಯೋಗಸಾಧನೆಯಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂಬ ಸದ್ದಷ್ಟೇ ಏಳುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಅದು ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಶಸ್ತ್ರಕ್ಕೆ ಮುರಿಯದ ಮೈಗಿಂತ ಶಸ್ತ್ರಕ್ಕೆ ಸಿಕ್ಕದ ಮೈ ದೊಡ್ಡದು ಎಂಬ ತೀರ್ಮಾನ ಇಲ್ಲಿ ಕಥೆಯಾಗಿಯೇ ಕಾಣಿಸುತ್ತದೆ.

ಆಧುನಿಕ ಸೂಪರ್‌ಹೀರೊ ಕಥೆಗಳಲ್ಲೂ ವೀರರು ಮೊದಲು ಕಾದಾಡಿ ಆಮೇಲೆ ಒಂದಾಗುವುದು ವಾಡಿಕೆ. ಅಲ್ಲಿ ಒಂದಾದವರು ಸಾಮಾನ್ಯವಾಗಿ ಇನ್ನೊಬ್ಬ ವೈರಿಯನ್ನು ಎದುರಿಸಲು ತಮ್ಮ ಬಲವನ್ನು ಕೂಡಿಸುತ್ತಾರೆ. ಶರಣಕಥನದಲ್ಲಿ ಮುಖಾಮುಖಿಯ ಫಲ ಬಲವನ್ನು ಕೆಳಗಿಡುವುದು. ಹಣೆಗಣ್ಣು, ವಜ್ರಕಾಯಗಳು ಸಾಧನೆಯ ಕೊನೆಯೆಂದು ನಂಬಿದವನಿಗೆ ಅವು ದಾರಿಯ ನಡುವಿನ ತಂಗುದಾಣಗಳೆಂದು ತಿಳಿಯುತ್ತದೆ.

5. ಮೂಲಕಥೆಗಳ ಮರುರಚನೆ

ಒಂದೇ ಪಾತ್ರದ ಪೂರ್ವವೃತ್ತಾಂತವನ್ನು ಹಿಂದಿನ ಕವಿ ಹೇಳಿದ್ದಕ್ಕೆ ವಿರುದ್ಧವಾಗಿ ಮತ್ತೆ ಬರೆಯುವುದು ಕೂಡುಕಥಾಲೋಕಗಳ ಸಹಜ ಪರಿಣಾಮ. ಹರಿಹರನ ಅಲ್ಲಮ ಮದ್ದಳೆ ಬಾರಿಸುವ ಯುವಕ. ಅವನು ಕಾಮಲತೆಯನ್ನು ಒಲಿದು ಮದುವೆಯಾಗುತ್ತಾನೆ, ಅವಳು ಜ್ವರದಿಂದ ಸತ್ತಾಗ ಮರುಳನಂತೆ ಅಲೆಯುತ್ತಾನೆ, ಆಮೇಲೆ ಅನಿಮಿಷಯ್ಯನಿಂದ ಲಿಂಗ ಪಡೆಯುತ್ತಾನೆ. ಚಾಮರಸನ ಅಲ್ಲಮನಿಗೆ ಈ ದುಃಖವೇ ಇಲ್ಲ. ಬನವಸೆಯಲ್ಲಿ ಮಾಯೆ ಅವನನ್ನು ಬಯಸಿ ಸೋಲುತ್ತಾಳೆ. ಅವನು ಮೊದಲಿನಿಂದಲೂ ನಿರ್ಲಿಪ್ತ. ಹರಿಹರನ ಮಹಾದೇವಿ ಅರಸ ಕೌಶಿಕನನ್ನು ಮದುವೆಯಾಗಿ ಅವನು ಒಪ್ಪಂದ ಮುರಿದಾಗ ಹೊರಬರುತ್ತಾಳೆ. ಚಾಮರಸನಲ್ಲಿ ಆ ಮದುವೆ ನಡೆಯುವುದೇ ಇಲ್ಲ.

ಸಿದ್ಧರಾಮರ ವಿಷಯದಲ್ಲಿ ವಿವಾದದ ಕೇಂದ್ರ ಮೈಮೇಲೆ ಧರಿಸುವ ಇಷ್ಟಲಿಂಗದ ದೀಕ್ಷೆ. ಸ್ಥಾವರಲಿಂಗದ ಮಹಾಭಕ್ತರಾಗಿ ಗುಡಿ ಕಟ್ಟಿಸಿದವರು ಶೂನ್ಯಪೀಠವನ್ನು ಏರುವುದು ಹೇಗೆ ಎಂಬ ಪ್ರಶ್ನೆಗೆ ಶೂನ್ಯಸಂಪಾದನೆಯ ಪರಿಷ್ಕರಣಗಳು ಒಂದೇ ಉತ್ತರ ಕೊಡುವುದಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯನ ಹೊತ್ತಿಗೆ ಚೆನ್ನಬಸವಣ್ಣನವರಿಂದ ಸಿದ್ಧರಾಮರಿಗೆ ದೀಕ್ಷೆಯಾಗುವ ಪ್ರಸಂಗ ನೆಲೆಗೊಂಡಿರುತ್ತದೆ. ಇದನ್ನು ಲಿಪಿಕಾರರ ತಪ್ಪೆಂದು ತಳ್ಳಿಹಾಕುವಂತಿಲ್ಲ. ಸಮುದಾಯವೊಂದು ತನ್ನ ಆಚಾರದ ಪ್ರಶ್ನೆಯನ್ನು ಪಾತ್ರದ ಬದುಕಿನ ಮೂಲಕವೇ ಚರ್ಚಿಸಿದ ದಾಖಲೆ ಅದು.

6. ಇತಿಹಾಸದಿಂದ ಕವಲು

ಶಾಸನಗಳ ಇತಿಹಾಸ ಮತ್ತು ಪುರಾಣಗಳ ಇತಿಹಾಸ ಬೇರೆಯಾಗುವ ಘಟ್ಟ 1167–68ರ ಕಲ್ಯಾಣ. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದ ಬಿಜ್ಜಳ 1162ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದ್ದ. 1167–68ರಲ್ಲಿ ಅಧಿಕಾರ ಅವನ ಮಗ ಸೋವಿದೇವನಿಗೆ ಹೋಯಿತು. ಪುರಾಣಗಳು ಹೇಳುವ ಕಲ್ಯಾಣದ ಕ್ರಾಂತಿಯನ್ನು, ಎಂದರೆ ಬಿಜ್ಜಳನ ಕೊಲೆಯಲ್ಲಿ ಮುಗಿಯುವ ಶರಣರ ಸಂಘರ್ಷವನ್ನು, ಆ ಕಾಲದ ಶಾಸನಗಳು ವರ್ಣಿಸುವುದಿಲ್ಲ. ಬಸವಣ್ಣನವರನ್ನು ಹೆಸರಿಸುವ ಶಾಸನಗಳಲ್ಲಿ ಪ್ರಸಿದ್ಧವಾದುದು ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ್ದು. ಅದರ ಕಾಲ 1260.

ಈ ಮೌನವನ್ನು ಕವಿಗಳು ತಮ್ಮತಮ್ಮ ರೀತಿಯಲ್ಲಿ ತುಂಬಿದರು. ಸೋಮನಾಥನಲ್ಲಿ ಬಿಜ್ಜಳ ಅಲ್ಲಯ್ಯ ಮಧುವಯ್ಯರೆಂಬ ಭಕ್ತರ ಕಣ್ಣು ಕೀಳಿಸಿದ್ದಕ್ಕೆ ಜಗದೇವ ಅವನನ್ನು ಕೊಲ್ಲುತ್ತಾನೆ. ಮುಂದಿನ ಪರಂಪರೆಯಲ್ಲಿ ಶರಣರಾದ ಹರಳಯ್ಯ ಮತ್ತು ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆ, ಅದಕ್ಕಾಗಿ ಆ ತಂದೆಯರಿಗಾದ ಎಳೆಹೂಟೆಯ ಶಿಕ್ಷೆ ಕಥೆಯ ಉಸಿರಾದವು. ಜೈನ ಪರಂಪರೆಯ ‘ಬಿಜ್ಜಳರಾಯ ಚರಿತೆ’ ಅದೇ ಪಾತ್ರಗಳನ್ನಿಟ್ಟುಕೊಂಡು ತದ್ವಿರುದ್ಧ ತೀರ್ಪು ಕೊಡುತ್ತದೆ. ಅಲ್ಲಿ ಬಿಜ್ಜಳ ನಿರಪರಾಧಿ. ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ಭೀಮಾತೀರದಲ್ಲಿ ವಿಷಕ್ಕೆ ಬಲಿಯಾಗುತ್ತಾನೆ. ಒಂದೇ ಕಥಾಲೋಕದಲ್ಲಿ ಎರಡು ಪರ್ಯಾಯ ಇತಿಹಾಸಗಳು ಹೀಗೆ ಎದುರುಬದುರಾಗಿ ನಿಂತಿವೆ.

ಕವಲು ಭವಿಷ್ಯಕ್ಕೂ ಚಾಚಿತು. ಕಾಲಜ್ಞಾನ ಸಾಹಿತ್ಯದಲ್ಲಿ ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ. ವೀರ ವಸಂತರಾಯನೆಂಬ ಅರಸ ಬರುತ್ತಾನೆ, ಶರಣರು ಮರಳಿ ಹುಟ್ಟುತ್ತಾರೆ. ಹದಿನಾರನೆಯ ಶತಮಾನದ ಕೊಡೇಕಲ್ಲು ಬಸವಣ್ಣನವರ ಪರಂಪರೆ ಇದನ್ನು ಬೆಳೆಸಿತು. ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನವರ ಬಾಯಿಂದಲೇ ಮುಂದಿನ ಅರಸರ ಕಥೆಯನ್ನು ಹೇಳಿಸುತ್ತದೆ. ಸೋತ ಕಲ್ಯಾಣವನ್ನು ಕವಿಗಳು ಕಳೆದುಹೋದುದೆಂದು ಬಿಟ್ಟುಕೊಡಲಿಲ್ಲ. ಇನ್ನೂ ಬರಬೇಕಾದ ಊರೆಂದು ಬರೆದರು.

7. ನೆರೆಯ ಕಥಾಲೋಕಗಳು

ಇದೇ ನೆಲದಲ್ಲಿ ಇನ್ನೂ ಎರಡು ಕಥಾಲೋಕಗಳಿವೆ. ಒಂದು ಹಾಲುಮತದ ಡೊಳ್ಳಿನ ಹಾಡುಗಳದು. ಗುರು ಬೀರಪ್ಪನಿಗಾಗಿ ಹುಲಿಯ ಹಾಲು ತಂದ ಮಾಳಿಂಗರಾಯನ ಗದ್ದುಗೆ ಹುಲಜಂತಿಯಲ್ಲಿದೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಶಿವಪಾರ್ವತಿಯರೇ ಬಂದು ಅವನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾರೆಂಬುದು ನಂಬಿಕೆ. ಆಗ ಬೇರೆಬೇರೆ ಊರುಗಳ ದೇವರ ಪಲ್ಲಕ್ಕಿಗಳು ಭಂಡಾರದ ಮಳೆಯಲ್ಲಿ ಭೇಟಿಯಾಗುತ್ತವೆ. ಹಾಡಿನಲ್ಲಿ ಗುರು, ಶಿಷ್ಯ, ಬಂಧುಗಳಾದ ವೀರರು ವರ್ಷಕ್ಕೊಮ್ಮೆ ನೆಲದ ಮೇಲೆಯೂ ಕೂಡುತ್ತಾರೆ.

ಎರಡನೆಯದು ದತ್ತಪರಂಪರೆ. ಭೀಮಾತೀರದ ಗಾಣಗಾಪುರದ ನರಸಿಂಹ ಸರಸ್ವತಿಯವರ ಚರಿತೆಯನ್ನು ಸರಸ್ವತಿ ಗಂಗಾಧರ ಮರಾಠಿಯಲ್ಲಿ ‘ಗುರುಚರಿತ್ರೆ’ಯಾಗಿ ಬರೆದ. ಅದರಲ್ಲಿ ಗುರು ಶ್ರೀಶೈಲದ ಕದಳಿವನದ ಕಡೆಗೆ ಹೋಗಿ ಮರೆಯಾಗುತ್ತಾರೆ. ಅವರೇ ಶತಮಾನಗಳ ನಂತರ ಹುತ್ತದಿಂದ ಹೊರಬಂದು ಅಕ್ಕಲಕೋಟೆಯಲ್ಲಿ ನೆಲೆಸಿ 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರೆಂದು ಭಕ್ತರು ನಂಬುತ್ತಾರೆ. ಅಕ್ಕಮಹಾದೇವಿ ಐಕ್ಯಳಾದ ಕದಳಿವನವೂ ಅದೇ. ಭಾಷೆ ಮತ್ತು ಪಂಥ ಬೇರೆಯಾದರೂ ಎರಡು ಲೋಕಗಳ ವೀರರು ಒಂದೇ ಕಾಡಿನಲ್ಲಿ ಮರೆಯಾಗುತ್ತಾರೆಂಬುದು ಈ ಸೀಮೆಯ ಕಥನಗಳ ಒಳನಂಟಿಗೆ ಸಾಕ್ಷಿ.

8. ಮುಂದುವರಿಕೆ

ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನೂ 1930ರಲ್ಲಿ ‘ಶೂನ್ಯಸಂಪಾದನೆ’ಯನ್ನೂ ಅಚ್ಚಿಗೆ ತಂದ ಮೇಲೆ ಈ ಲೋಕ ಆಧುನಿಕ ಲೇಖಕರ ಕೈಗೆ ಬಂತು. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ತ್ರಿಪದಿಯಲ್ಲಿ ‘ಸಿದ್ಧರಾಮೇಶ್ವರ ಪುರಾಣ’ವನ್ನು ರಚಿಸಿದರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಆ ಪೀಠದ ಮೊದಲ ಮಹಿಳೆಯಾದರು. ಲಂಕೇಶರ ‘ಸಂಕ್ರಾಂತಿ’ (1971), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕಗಳು ಕಲ್ಯಾಣದ ಕವಲಿಗೆ ಮತ್ತೆಮತ್ತೆ ಮರಳಿದವು. ಈ ನಾಟಕಗಳಲ್ಲಿ ಪವಾಡ ಹಿಂದೆ ಸರಿದು ಅಧಿಕಾರ, ಜಾತಿ ಮತ್ತು ಹಿಂಸೆಯ ಪ್ರಶ್ನೆಗಳು ಮುಂದೆ ಬಂದವು.

ಸೊಲ್ಲಾಪುರದಲ್ಲಿ ಕಥೆ ಪುಸ್ತಕದ ಹೊರಗೂ ನಡೆಯುತ್ತಿದೆ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಕೋಲುಗಳ ಮೆರವಣಿಗೆ ಹೊರಟು, ಸಿದ್ಧರಾಮರು ಸ್ಥಾಪಿಸಿದರೆಂಬ 68 ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಸಿದ್ಧರಾಮರನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವರು ತಮ್ಮ ಯೋಗದಂಡವನ್ನು ವರಿಸಲು ಅನುಮತಿಸಿದರೆಂಬ ಕಥೆಯ ನೆನಪಿಗೆ ಸಮ್ಮತಿಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ.

9. ಸಮಾರೋಪ

ಪುರಾಣಗಳನ್ನು ಇತಿಹಾಸದ ಕೆಟ್ಟ ಪ್ರತಿಯೆಂದು ಕಾಣುವ ಓದು ಅವುಗಳಿಂದ ತೇದಿಗಳನ್ನಷ್ಟೇ ಹೆಕ್ಕಿ ಉಳಿದುದನ್ನು ಕೈಬಿಟ್ಟಿತು. ಅಕ್ಷರಶಃ ನಂಬುವ ಓದು ಕವಿಗಳ ನಡುವಿನ ಭಿನ್ನಮತವನ್ನೇ ಕಾಣಲಿಲ್ಲ. ಶರಣಕಥನವನ್ನು ಕೂಡುಕಥಾಲೋಕವಾಗಿ ಓದಿದಾಗ ಎರಡೂ ಕೊರತೆಗಳು ನೀಗುತ್ತವೆ: ಒಬ್ಬ ಕವಿ ಹಿಂದಿನವನನ್ನು ಎಲ್ಲಿ ತಿದ್ದಿದ, ಏಕೆ ತಿದ್ದಿದ ಎಂಬುದು ಸ್ಪಷ್ಟವಾಗುತ್ತದೆ. ಆ ತಿದ್ದುಪಡಿಗಳ ಸಾಲೇ ಕನ್ನಡ ಸಮಾಜ ತನ್ನ ಆದರ್ಶವನ್ನು ಕುರಿತು ನಡೆಸಿದ ದೀರ್ಘ ಚರ್ಚೆ. ರಾಘವಾಂಕನ ಕಾವ್ಯ, ಸಂಪಾದನೆಗಳ ನಾಲ್ಕು ಪರಿಷ್ಕರಣಗಳು, ಡೊಳ್ಳಿನ ಹಾಡುಗಳು ಮತ್ತು ಸೊಲ್ಲಾಪುರದ ಜಾತ್ರಾವಿಧಿಗಳನ್ನು ಒಟ್ಟಿಗಿಟ್ಟು ತುಲನೆ ಮಾಡುವ ಕೆಲಸವನ್ನು ಗಡಿಯ ಎರಡೂ ಬದಿಯ ವಿದ್ವಾಂಸರು ಕೂಡಿ ಕೈಗೊಳ್ಳಬೇಕು. ಹಾಡುಗಾರರ ನಾಲಿಗೆಯ ಮೇಲಷ್ಟೇ ಉಳಿದಿರುವ ಭಾಗಗಳನ್ನು ಮೊದಲು ಬರೆದಿಟ್ಟುಕೊಳ್ಳಬೇಕು.