ಕಬಡ್ಡಿಯಲ್ಲಿ ಹಿಡಿತ: ಮಕ್ಕಳಿಗೆ ಕಲಿಸುವ ಕ್ರಮ

ಮಹಾಪೆ, ಥಾಣೆ, ಡೊಂಬಿವಲಿ ಪರಿಸರದಲ್ಲಿ ನೆಲೆಸಿರುವ ನಮಗೆ ಕಬಡ್ಡಿ ಊರಿನ ಆಟವೂ ಹೌದು, ಈ ನೆಲದ ಆಟವೂ ಹೌದು. ಆದರೂ ಕುತ್ತಿಗೆಗೆ ಪೆಟ್ಟಾದೀತೆಂದು ಮಕ್ಕಳನ್ನು ತಡೆಯುವ ಪಾಲಕರಿದ್ದಾರೆ. ಆ ಭಯ ನಿರಾಧಾರವಲ್ಲ. ಅದಕ್ಕೆ ಪರಿಹಾರ ಸರಿಯಾದ ಕಲಿಕೆ.

ದಾಳಿಗಾರನನ್ನು ತಡೆಯಲು ಕಾಲ್ಗಂಟಿನ ಹಿಡಿತ, ತೊಡೆಯ ಹಿಡಿತ, ಸೊಂಟದ ಹಿಡಿತ, ಕೈ ಕೈ ಸೇರಿಸಿದ ಸರಪಳಿ ಮತ್ತು ಅಂಗಳದಾಚೆ ನೂಕುವ ಡ್ಯಾಶ್ ಮುಖ್ಯವಾದವು. ಎಲ್ಲಕ್ಕೂ ತಳಹದಿ ಒಂದೇ: ಮೊಣಕಾಲು ಬಾಗಿರಬೇಕು, ಸೊಂಟ ತಗ್ಗಿರಬೇಕು, ತಲೆ ಎತ್ತಿರಬೇಕು, ದೃಷ್ಟಿ ದಾಳಿಗಾರನ ಸೊಂಟದ ಮೇಲಿರಬೇಕು. ಮೊದಲು ತಗಲಬೇಕಾದುದು ಭುಜ. ತಲೆ ಎದುರಾಳಿಯ ಮೈಯ ಪಕ್ಕಕ್ಕಿರಬೇಕು, ಅವನ ಮೊಣಕಾಲಿಗೆ ಎದುರಾಗಬಾರದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಲೆಯಿಂದ ಗುದ್ದುವುದನ್ನು ಶಾಲಾ, ಕಾಲೇಜು ಮಟ್ಟದಲ್ಲಿ 1976ರಲ್ಲಿ ನಿಷೇಧಿಸಿದ ಮೇಲೆ ಕುತ್ತಿಗೆಯ ಗಂಭೀರ ಗಾಯಗಳು ಬಹಳಷ್ಟು ತಗ್ಗಿದವು. ಆ ಪಾಠ ನಮಗೂ ಸಲ್ಲುತ್ತದೆ.

ಕಬಡ್ಡಿಯ ನಿಯಮವೂ ರಕ್ಷಣೆಯ ಪರವಾಗಿದೆ. ದಾಳಿಗಾರನ ಬಾಯಿ ಮುಚ್ಚುವುದು, ಕೂದಲು ಅಥವಾ ಬಟ್ಟೆ ಹಿಡಿಯುವುದು, ಕಾಲುಗಳಿಂದ ಕತ್ತರಿ ಹಾಕುವುದು ನಿಷಿದ್ಧ.

ಕಲಿಕೆ ಹಂತಹಂತವಾಗಿರಲಿ: ಮೊದಲು ಮಣೆಹಾಕಿದಂತೆ ಮಂಡಿಯೂರಿ, ಬಳಿಕ ನಡಿಗೆಯ ವೇಗದಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ. ಸಮಾನ ತೂಕದ ಮಕ್ಕಳನ್ನೇ ಜೋಡಿಸಬೇಕು. ಸುರಕ್ಷಿತವಾಗಿ ಬೀಳುವುದನ್ನೂ ಮ್ಯಾಟ್ ಅಥವಾ ಮೆತ್ತನೆಯ ಮಣ್ಣಿನ ಮೇಲೆ ಕಲಿಸಬೇಕು. ಬಿದ್ದ ಮಗು ಕುತ್ತಿಗೆ ನೋವೆಂದರೆ, ಎತ್ತಿ ಕೂರಿಸದೆ, ಅಲುಗಿಸದೆ ವೈದ್ಯಕೀಯ ನೆರವು ಕರೆಯಬೇಕು.

ಮಕ್ಕಳನ್ನು ಮೈದಾನದಿಂದ ದೂರವಿಡುವ ಬದಲು, ಅವರಿಗೆ ಹಿಡಿಯಲು ಕಲಿಸುವವರು ಯಾರು, ಹೇಗೆ ಕಲಿಸುತ್ತಾರೆ ಎಂಬುದನ್ನು ಪಾಲಕರು ಒಮ್ಮೆ ನಿಂತು ನೋಡಬೇಕೆಂಬುದು ನಮ್ಮ ವಿನಂತಿ.