ಬಾಲ ಮೊದಲು, ರೆಕ್ಕೆ ಆಮೇಲೆ

ಹಾರುವ ಮೀನು ನಿಜಕ್ಕೂ ಹಾರುತ್ತದಾ? ಪೆದ್ದು ಪ್ರಶ್ನೆ ಅನ್ನಿಸಬಹುದು. ಆದರೆ ಇದರ ಮೇಲೆ ಬಲ್ಲವರು ಬಹಳ ಕಾಲ ಜಗಳವಾಡಿದ್ದಾರೆ. ಹಡಗಿನ ಮೇಲಿಂದ ನೋಡಿದವರಲ್ಲಿ ಕೆಲವರು "ಹಕ್ಕಿಯ ಹಾಗೆ ರೆಕ್ಕೆ ಬಡಿಯುತ್ತದೆ" ಅಂದರು. 1878ರಲ್ಲಿ ಜರ್ಮನಿಯ ಕಾರ್ಲ್ ಮೋಬಿಯಸ್, ಬಡಿದು ಹಾರುವಷ್ಟು ಸ್ನಾಯು ಅದಕ್ಕಿಲ್ಲ ಎಂದು ವಾದಿಸಿದ. ಜಗಳ ಅಲ್ಲಿಗೂ ಮುಗಿಯಲಿಲ್ಲ. 1941ರಲ್ಲಿ ಹೆರಾಲ್ಡ್ ಎಡ್ಜರ್ಟನ್ ಮತ್ತು ಮೀನುತಜ್ಞ ಚಾರ್ಲ್ಸ್ ಬ್ರೆಡರ್ ಅತಿವೇಗದ ಫೋಟೋಗಳನ್ನು ಪ್ರಕಟಿಸಿದರು. ರೆಕ್ಕೆ ಸುಮ್ಮನೆ ಚಾಚಿಕೊಂಡಿರುತ್ತದೆ. ದುಡಿಯುವುದು ಬಾಲ!

ಆ ಬಾಲವನ್ನು ಸ್ವಲ್ಪ ನೋಡಿ. ಕೆಳಗಿನ ಕವಲು ಮೇಲಿನದಕ್ಕಿಂತ ಉದ್ದ. ಮೈಯೆಲ್ಲ ನೀರಿನಿಂದ ಮೇಲೆದ್ದ ಮೇಲೂ ಆ ಕವಲೊಂದು ನೀರಲ್ಲೇ ಉಳಿದು, ಸೆಕೆಂಡಿಗೆ ಐವತ್ತರಷ್ಟು ಸಲ ಹೊಡೆಯುತ್ತಾ ಮೀನನ್ನು ನೂಕುತ್ತದೆ. ಸಾಕಷ್ಟು ವೇಗ ಬಂತೋ, ಮೀನು ತೇಲಿಕೊಂಡು ಹೋಗುತ್ತದೆ. ವೇಗ ಇಳಿದರೆ ಪೂರ್ತಿ ಮುಳುಗಬೇಕಾಗಿಲ್ಲ, ಬಾಲದ ತುದಿ ಅದ್ದಿ ಇನ್ನೊಂದು ಸುತ್ತು. ಜಪಾನಿನ ಟಿವಿಯವರು 2008ರಲ್ಲಿ ಚಿತ್ರೀಕರಿಸಿದ ಒಂದು ಮೀನು ಹೀಗೆ 45 ಸೆಕೆಂಡು ಗಾಳಿಯಲ್ಲಿತ್ತು.

ಇದೆಲ್ಲ ಒಂದೇ ಸಲಕ್ಕೆ ಬಂದಿರಲು ಸಾಧ್ಯವಿಲ್ಲವಲ್ಲ, ಹಾಗಾದರೆ ಮೊದಲು ಬಂದದ್ದು ಯಾವುದು? ಒಂದು ಉತ್ತರ ಸಿಕ್ಕಿದ್ದು ಇಂದಿನ ಹಾರುಮೀನುಗಳಿಗೆ ಸಂಬಂಧವೇ ಇಲ್ಲದ ಇನ್ನೊಂದು ವಂಶದಲ್ಲಿ. ಚೀನಾದ ಗುಯಿಝೌ ಪ್ರಾಂತ್ಯದ ಕಲ್ಲಿನಲ್ಲಿ ಸಿಕ್ಕ, ಸುಮಾರು 24 ಕೋಟಿ ವರ್ಷ ಹಳೆಯ ಪೊಟಾನಿಕ್ಥಿಸ್ ಎಂಬ ಮೀನನ್ನು ಕ್ಸು ಗುವಾಂಗ್‌ಹುಯಿ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದರು. ಡೈನೋಸಾರುಗಳೇ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ, ಹಕ್ಕಿಗಳ ಸುಳಿವೇ ಇಲ್ಲ. ಆಗಲೇ ಈ ಗೇಣುದ್ದದ ಮೀನಿಗೆ ಅಗಲವಾದ ರೆಕ್ಕೆ, ಕೆಳಕವಲು ಉದ್ದವಾದ ಬಾಲ, ಹುರುಪೆಯಿಲ್ಲದ ಮೈ.

2015ರಲ್ಲಿ ಅದೇ ತಂಡ ಅದರ ಹಳೆಯ ಬಗೆಯ ನೆಂಟ ವುಶಾಇಕ್ಥಿಸ್ ಅನ್ನು ವರ್ಣಿಸಿತು. ನನಗೆ ಹೆಚ್ಚು ಇಷ್ಟವಾದದ್ದು ಇದೇ. ತಲೆಬುರುಡೆ ಹಾರುವವರದ್ದು, ಆದರೆ ರೆಕ್ಕೆ ಇನ್ನೂ ಬಂದಿಲ್ಲ, ಮೈತುಂಬ ಹುರುಪೆ. ವಂಶದ ಮೀನುಗಳನ್ನೆಲ್ಲ ಹೋಲಿಸಿ ಅವರು ಹೇಳಿದ ಕ್ರಮ ಇದು: ಮೊದಲು ನೀರಿನ ಮೇಲ್ಪದರದ ಬಾಳಿಗೆ ತಲೆ ಒಗ್ಗಿಕೊಂಡಿತು, ಆಮೇಲೆ ಬಾಲದ ಕೆಳಕವಲು ಬೆಳೆಯಿತು, ಆಮೇಲೆ ರೆಕ್ಕೆ, ಕಡೆಗೆ ಹುರುಪೆ ಉದುರಿ ಮೈ ಹಗುರ. ಅಂದರೆ ಹಾರಲೆಂದು ಯಾರೂ ಹೊರಟಿರಲಿಲ್ಲ. ಅಟ್ಟಿಸಿಕೊಂಡು ಬರುವ ಬಾಯಿಂದ ತಪ್ಪಿಸಿಕೊಳ್ಳಲು ಮೇಲಕ್ಕೆ ಚಿಮ್ಮುತ್ತಿದ್ದವು, ಅಷ್ಟೇ. ರೆಕ್ಕೆ ಆ ನೆಗೆತವನ್ನು ಉದ್ದ ಮಾಡಿತು.

ಆ ವಂಶ ಟ್ರಯಾಸಿಕ್ ಯುಗ ದಾಟಲಿಲ್ಲ. ಕೋಟ್ಯಂತರ ವರ್ಷ ಕಳೆದ ಮೇಲೆ ಬೇರೆಯೇ ಮೀನುಗಳು ಇದೇ ಬಾಲ, ಇದೇ ರೆಕ್ಕೆಗೆ ಬಂದು ನಿಂತವು. ಅವುಗಳ ಹತ್ತಿರದ ನೆಂಟರು, ಉದ್ದ ಮೂತಿಯ ಮೀನುಗಳು, ಈಗಲೂ ಹೆದರಿದರೆ ನೀರ ಮೇಲೆ ಚಿಮ್ಮುತ್ತವೆ, ರೆಕ್ಕೆಯಿಲ್ಲದೆ.

ನಾವಿರುವ ಈ ಚೆನ್ನೈ ಕಡೆ ಹಾರುಮೀನಿಗೆ 'ಕೋಲಾ' ಅನ್ನುತ್ತಾರೆ. ಇದರ ಮೊಟ್ಟೆಗೆ ಅಂಟುವ ಎಳೆಗಳಿರುತ್ತವೆ, ಅಂಟಿಸಲು ತೇಲುವ ಏನಾದರೂ ಬೇಕು. ಅದನ್ನು ಅರಿತ ಕೋರಮಂಡಲ ಕರಾವಳಿಯ ಮೀನುಗಾರರು ಸೊಪ್ಪಿನ ಕೊಂಬೆಗಳ ಕಟ್ಟು ತೇಲಿಬಿಟ್ಟು ಕಾಯುತ್ತಿದ್ದರು. ಟ್ಯೂನಾದ ಬಾಯಿಂದ ಹಾರಿ ಪಾರಾದ ಮೀನು ಮೊಟ್ಟೆಯಿಡಲು ತಾನೇ ಆ ಸೊಪ್ಪಿನ ಹತ್ತಿರ ಬರುತ್ತಿತ್ತು.